ಫ್ಯೂಸ್ ಹಾಕಿದಷ್ಟೂ ಹೋಗುವ ಸಬ್‌ವೂಫರ್: ಮೊದಲು ಕೆಟ್ಟದ್ದು ಯಾವುದು?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ 10 ಇಂಚಿನ, ಆಂಪ್ಲಿಫೈಯರ್ ಒಳಗೇ ಇರುವ ಸಬ್‌ವೂಫರ್ ಇದೆ. ಏಳೆಂಟು ವರ್ಷ ಹಳೆಯದು. ಒಂದೆರಡು ತಿಂಗಳಿಂದ ಆನ್ ಮಾಡಿದ ಕೂಡಲೇ ‘ಗುಂಯ್’ ಅನ್ನುತ್ತಿತ್ತು, ಸದ್ದು ಕಡಿಮೆ ಇಟ್ಟರೆ ತಾನಾಗಿ ಆಫ್ ಆಗುತ್ತಿತ್ತು. ಒಂದು ದಿನ ಕರೆಂಟ್ ಹೋಗಿ ಬಂದಾಗ ‘ಡಬ್’ ಎಂದು ಬಡಿದು ಫ್ಯೂಸ್ ಹೋಯಿತು. ರಿಪೇರಿಯವರು ದೊಡ್ಡ ಫ್ಯೂಸ್ ಹಾಕಿದರು, ಅದೂ ಹೋಯಿತು. ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ ಬದಲಿಸಿದರು, ಅದೇ ಸಂಜೆ ಅವೂ ಸುಟ್ಟವು. ಈಗ ‘ಬೋರ್ಡೇ ಹೋಗಿದೆ’ ಅನ್ನುತ್ತಾರೆ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಮಲ್ಟಿಮೀಟರ್ ಹಿಡಿಯಲು, ಸಾಲ್ಡರ್ ಮಾಡಲು ಬರುತ್ತದೆ. ನಾನೇ ನೋಡಬಹುದೇ?

ಉತ್ತರ: ನೋಡಬಹುದು. ಬೋರ್ಡ್ ಪೂರ್ತಿ ಹೋಗಿರುವ ಸಾಧ್ಯತೆ ಕಡಿಮೆ. ಅರ್ಧ ಪತ್ತೇದಾರಿಯನ್ನು ನಿಮ್ಮ ಪ್ರಶ್ನೆಯೇ ಮಾಡಿದೆ. ಮೊದಲು ಹಮ್ (ಆ ‘ಗುಂಯ್’ ಸದ್ದು), ಆಮೇಲೆ ‘ಡಬ್’, ಕೊನೆಗೆ ಫ್ಯೂಸ್ ಎಂದು ಬರೆದಿದ್ದೀರಿ. ಟ್ರಾನ್ಸಿಸ್ಟರ್ ಸತ್ತದ್ದು ಕೊನೆಯಲ್ಲಿ. ಅದಕ್ಕೂ ಎರಡು ತಿಂಗಳ ಮೊದಲೇ ಬೇರೇನೋ ಕೆಡುತ್ತಾ ಬಂದಿತ್ತು. ಅದನ್ನು ಬಿಟ್ಟು ಟ್ರಾನ್ಸಿಸ್ಟರ್ ಮಾತ್ರ ಬದಲಿಸಿದ್ದರಿಂದ ಹೊಸ ಜೋಡಿಯೂ ಹೋಯಿತು. ಆದ್ದರಿಂದ ಹುಡುಕಾಟ ಪವರ್ ಸಪ್ಲೈ ಕಡೆಯಿಂದ ಶುರುವಾಗಲಿ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಕೈ ಹಾಕುವುದು ಕೊನೆಗೆ.

ಮೊದಲು ಪ್ಲಗ್ ಕಿತ್ತು, ಹಿಂಬದಿಯ ಪ್ಲೇಟ್ ಬಿಚ್ಚಿ, ದೊಡ್ಡ ಕೆಪಾಸಿಟರ್‌ಗಳ ಚಾರ್ಜ್ ಇಳಿಸಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ‘ಫಟ್’ ಅನ್ನಿಸುವ ಅಭ್ಯಾಸ ಬೇಡ. ಅದರಿಂದ ಕೆಪಾಸಿಟರ್‌ನ ಒಳಜೋಡಣೆಗೂ ಪೆಟ್ಟು, ಬೋರ್ಡಿನ ತಾಮ್ರಕ್ಕೂ ಪೆಟ್ಟು. 100 ಓಮ್, 10 ವಾಟ್‌ನ ಒಂದು ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಎರಡು ಕಾಲುಗಳ ಮೇಲೆ ಐದು ಸೆಕೆಂಡ್ ಇಟ್ಟರೆ 4700 ಮೈಕ್ರೋಫ್ಯಾರಡ್ ಖಾಲಿಯಾಗುತ್ತದೆ. ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಟ್ರಾನ್ಸ್‌ಫಾರ್ಮರ್ ಇಲ್ಲದ, ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಇರುವ ಸಬ್‌ವೂಫರ್ ಆದರೆ ಲೆಕ್ಕವೇ ಬೇರೆ. ಅಲ್ಲಿ 230 ವೋಲ್ಟ್ ನೇರವಾಗಿ ಡಿಸಿ ಆಗಿ ಸುಮಾರು 325 ವೋಲ್ಟ್ ನಿಂತಿರುತ್ತದೆ. ಅದಕ್ಕೆ 2.2 ಕಿಲೋ ಓಮ್, 10 ವಾಟ್ ರೆಸಿಸ್ಟರ್ ಬೇಕು.

ಇನ್ನು, ಸ್ಪೀಕರ್ ಉಳಿದಿದೆಯೋ ನೋಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಸಪ್ಲೈಯ ಪೂರ್ತಿ ಡಿಸಿ ಕಾಯಿಲ್‌ಗೆ ಹೋಗುತ್ತದೆ. ಸಪ್ಲೈ 42 ವೋಲ್ಟ್, ಕಾಯಿಲ್ 3.4 ಓಮ್ ಅಂದರೆ 12 ಆಂಪಿಯರ್‌ಗೂ ಮೇಲೆ, 500 ವಾಟ್‌ಗೂ ಹೆಚ್ಚು ಬರೀ ಶಾಖ. ಫ್ಯೂಸ್ ದೊಡ್ಡದು ಹಾಕಿದ್ದರೆ ಕಾಯಿಲ್ ಸುಡಲು ಇನ್ನಷ್ಟು ಸಮಯ ಕೊಟ್ಟಂತೆ. ಸ್ಪೀಕರ್ ವೈರ್ ಎರಡೂ ಕಳಚಿ ಓಮ್ ಅಳೆಯಿರಿ. 4 ಓಮ್ ಸ್ಪೀಕರ್ 3.2ರಿಂದ 3.6ರವರೆಗೆ ತೋರಿಸಬೇಕು, 8 ಓಮ್‌ನದು ಸುಮಾರು 5.5ರಿಂದ 7. ಒಂದು ಪೆನ್‌ಟಾರ್ಚ್ ಸೆಲ್ ಮುಟ್ಟಿಸಿದರೆ ಕೋನ್ ‘ತಪ್’ ಎಂದು ಮುಂದಕ್ಕೋ ಹಿಂದಕ್ಕೋ ಸರಿಯಬೇಕು. ನಾಲ್ಕು ಬೆರಳನ್ನು ಸಮನಾಗಿ ಇಟ್ಟು ಕೋನ್ ಮೆಲ್ಲಗೆ ಒತ್ತಿ ಬಿಡಿ. ಒಳಗೆ ಮರಳು ಉಜ್ಜಿದಂತೆ ಕರಕರ ಅಂದರೆ ಕಾಯಿಲ್ ಸುಟ್ಟು ಉಬ್ಬಿದೆ. ಓಮ್ ಸರಿ ಇದ್ದರೂ ಆ ಸ್ಪೀಕರ್ ಹೆಚ್ಚು ದಿನ ಬರುವುದಿಲ್ಲ. ಪೂರ್ತಿ ಓಪನ್ (ದಾರಿ ಕಡಿದಂತೆ) ತೋರಿಸಿದರೆ ಕೋನ್‌ಗೆ ಹೋಗುವ ಹೆಣೆದ ತಂತಿಯನ್ನೂ ಪರೀಕ್ಷಿಸಿ. ಕೆಲವೊಮ್ಮೆ ಅದು ಬುಡದಲ್ಲಿ ತುಂಡಾಗಿರುತ್ತದೆ, ಕಾಯಿಲ್ ಚೆನ್ನಾಗಿರುತ್ತದೆ.

ಹೋದ ಫ್ಯೂಸನ್ನು ಎಸೆದಿಲ್ಲದಿದ್ದರೆ ಬೆಳಕಿಗೆ ಹಿಡಿಯಿರಿ. ಗಾಜಿನ ಒಳಮೈ ಕಪ್ಪಗಾಗಿದ್ದರೆ ಅಥವಾ ಕನ್ನಡಿಯಂತೆ ಬೆಳ್ಳಿಬಣ್ಣ ಬಂದಿದ್ದರೆ ಎಲ್ಲೋ ನೇರ ಶಾರ್ಟ್ ಇದೆ. ಗಾಜು ತಿಳಿಯಾಗಿದ್ದು ತಂತಿ ನಡುವೆ ಮಾತ್ರ ಕರಗಿದ್ದರೆ ಹೊರೆ ಮೀರಿ ನಿಧಾನಕ್ಕೆ ಹೋದದ್ದು, ಇಲ್ಲವೇ ಫ್ಯೂಸಿಗೇ ವಯಸ್ಸಾದದ್ದು. ಪ್ಲೇಟಿನ ಮೇಲೆ ಫ್ಯೂಸಿನ ಅಳತೆಯ ಮುಂದೆ ‘ಟಿ’ ಅಕ್ಷರ ಇದ್ದರೆ ಅದು ನಿಧಾನಕ್ಕೆ ಹೋಗುವ ಬಗೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಆನ್ ಆಗುವ ಗಳಿಗೆಯಲ್ಲಿ ಹೆಚ್ಚು ಕರೆಂಟ್ ಎಳೆಯುವುದರಿಂದ ಇಲ್ಲಿ ಅದೇ ಬೇಕು. ಮಾಮೂಲಿ ಫಾಸ್ಟ್ ಫ್ಯೂಸ್ ಹಾಕಿದರೆ ದೋಷವಿಲ್ಲದೆಯೂ ಹೋಗುತ್ತದೆ. ಆಗ ಬೇಸತ್ತು 2 ಆಂಪಿಯರ್ ಜಾಗಕ್ಕೆ 5 ಆಂಪಿಯರ್ ಹಾಕುತ್ತಾರೆ. ಅಲ್ಲಿಂದ ಮುಂದೆ ಬೋರ್ಡೇ ಫ್ಯೂಸ್ ಆಗಿಬಿಡುತ್ತದೆ.

ಮೀಟರ್ ಹಿಡಿಯುವ ಮುನ್ನ ಟಾರ್ಚ್ ಹಿಡಿದು ಬೋರ್ಡನ್ನು ನಿಧಾನವಾಗಿ ನೋಡಿ. ಸಬ್‌ವೂಫರ್ ಡಬ್ಬದೊಳಗೆ ಎಲ್ಲವೂ ವರ್ಷಗಟ್ಟಲೆ ಅದುರುತ್ತಿರುತ್ತದೆ. ತೂಕದ ಕೆಪಾಸಿಟರ್, ಹೀಟ್‌ಸಿಂಕಿಗೆ (ಶಾಖ ಹೀರುವ ಲೋಹದ ತಟ್ಟೆಗೆ) ಬಿಗಿದ ಟ್ರಾನ್ಸಿಸ್ಟರ್ ಕಾಲು, ವಾಲ್ಯೂಮ್ ಕಂಟ್ರೋಲ್, ಕೇಬಲ್ ಸಿಕ್ಕಿಸುವ ಸಾಕೆಟ್, ಇವುಗಳ ಕೆಳಗಿನ ಸಾಲ್ಡರ್‌ನಲ್ಲಿ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡರೆ ಅದು ಡ್ರೈ ಸಾಲ್ಡರ್. ಹಳೆಯದನ್ನು ಹೀರಿ ತೆಗೆದು ಹೊಸ 60/40 ಸಾಲ್ಡರ್ ಹಾಕಿ. ಇದ್ದುದರ ಮೇಲೆಯೇ ಕಾಯಿಸಿ ಬಿಟ್ಟರೆ ಮತ್ತೆ ಬಿಡುತ್ತದೆ. ಎರಡನೆಯದು ಅಂಟು. ಕೆಪಾಸಿಟರ್‌ಗಳು ಅಲುಗದಂತೆ ಕಾರ್ಖಾನೆಯಲ್ಲಿ ಹಾಕುವ ಹಳದಿ ಅಂಟು ಶಾಖಕ್ಕೆ ಕಂದಾಗಿ, ಗಟ್ಟಿಯಾಗಿ, ಕೊನೆಗೆ ಕರೆಂಟ್ ಹರಿಸತೊಡಗುತ್ತದೆ. ಪಕ್ಕದ ಡಯೋಡ್, ಜಂಪರ್ ತಂತಿಯ ಕಾಲನ್ನೂ ತಿನ್ನುತ್ತದೆ. ಬೆಲ್ಲದ ಬಣ್ಣಕ್ಕೆ ತಿರುಗಿದ ಅಂಟನ್ನೆಲ್ಲ ಬಿದಿರು ಕಡ್ಡಿಯಿಂದ ಕೆರೆದು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮೂರನೆಯದು ನಮ್ಮ ಕಡೆಯ ಮನೆಗಳ ವಿಶೇಷ. ಗಾಳಿ ಬರುವ ಪೋರ್ಟ್ ತೂತಿನಿಂದ ಹಲ್ಲಿ, ಜಿರಳೆ ಒಳಗೆ ಸೇರುತ್ತವೆ. ಬೋರ್ಡ್ ಮೇಲೆ ಅವುಗಳ ಹಿಕ್ಕೆ ಬಿದ್ದ ಜಾಗದಲ್ಲಿ ತಾಮ್ರ ಹಸಿರಾಗಿದೆಯೋ ನೋಡಿ.

ಈಗ ಕರೆಂಟ್ ಕೊಡದೆಯೇ ಮಾಡುವ ಅಳತೆ. ಮೀಟರನ್ನು ಡಯೋಡ್ ಸ್ಥಾನಕ್ಕಿಡಿ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್‌ನ ನಾಲ್ಕೂ ಡಯೋಡ್ ಒಂದು ದಿಕ್ಕಿನಲ್ಲಿ 0.5–0.6 ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ತೋರಿಸಬಾರದು. ಎರಡೂ ಕಡೆ ಬೀಪ್ ಅಂದರೆ ಬ್ರಿಡ್ಜ್ ಹೋಗಿದೆ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (230 ವೋಲ್ಟ್ ಬರುವ ಸುತ್ತು) ಕೆಲವು ಓಮ್‌ನಿಂದ ಹತ್ತಿಪ್ಪತ್ತು ಓಮ್ ಇರುತ್ತದೆ. ಪೂರ್ತಿ ಓಪನ್ ಆದರೆ ಬಿಸಾಡಬೇಡಿ, ಹೊರಸುತ್ತಿನ ಟೇಪ್ ಕೆಳಗೆ ಥರ್ಮಲ್ ಫ್ಯೂಸ್ ಇರಬಹುದು. ಹೀಟ್‌ಸಿಂಕಿನ ಮೇಲಿನ ಟ್ರಾನ್ಸಿಸ್ಟರ್‌ಗಳಲ್ಲಿ (ಈ ಅಳತೆಯ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 5200 ಮತ್ತು 1943ರ ಜೋಡಿ) ನಡುಕಾಲು ಕಲೆಕ್ಟರ್, ಬಲಕ್ಕಿರುವುದು ಎಮಿಟರ್. ಅವೆರಡರ ನಡುವೆ ಬೀಪ್ ಬಂದರೆ ಸತ್ತಿದೆ. ನಿಮ್ಮವು ಬಹುಶಃ ಸತ್ತೇ ಇವೆ. ಬಿಚ್ಚಿ ಪಕ್ಕಕ್ಕಿಡಿ, ಹೊಸದು ಈಗಲೇ ಹಾಕಬೇಡಿ.

ಹೊಸ ಜೋಡಿ ಒಂದೇ ಸಂಜೆಯಲ್ಲಿ ಏಕೆ ಸುಟ್ಟಿತು? ಕಾರಣ ಸಾಮಾನ್ಯವಾಗಿ ಅವುಗಳ ಹಿಂದಿನ ಸಾಲಿನಲ್ಲೇ ಇರುತ್ತದೆ. ಔಟ್‌ಪುಟ್ ಶಾರ್ಟ್ ಆಗುವಾಗ ತನ್ನನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರನ್ನೂ (ಟಿಪ್ 41, 42 ಬಗೆಯವು), 0.22 ಓಮ್, 5 ವಾಟ್‌ನ ಬಿಳಿ ಎಮಿಟರ್ ರೆಸಿಸ್ಟರನ್ನೂ, ಬೇಸ್‌ಗೆ ಹೋಗುವ ಸಣ್ಣ ರೆಸಿಸ್ಟರನ್ನೂ ಎಳೆದುಕೊಂಡು ಹೋಗುತ್ತದೆ. ಎಮಿಟರ್ ರೆಸಿಸ್ಟರ್ ಹೊರಗೆ ಬಿಳಿಯಾಗಿ ಚೆನ್ನಾಗಿ ಕಂಡರೂ ಒಳಗೆ ಓಪನ್ ಆಗಿರುತ್ತದೆ. ಎಲ್ಲಕ್ಕಿಂತ ಅಪಾಯದ್ದು ಬಯಾಸ್ ಟ್ರಾನ್ಸಿಸ್ಟರ್. ಹೀಟ್‌ಸಿಂಕಿಗೆ ತಾಗಿಕೊಂಡು, ಬಿಸಿ ಏರಿದಂತೆ ಔಟ್‌ಪುಟ್ ಜೋಡಿಯ ಕರೆಂಟ್ ಇಳಿಸುವುದು ಅದರ ಕೆಲಸ. ಅದು ಹೀಟ್‌ಸಿಂಕಿನಿಂದ ಎದ್ದುಬಂದಿದ್ದರೆ ಬಿಸಿ ಗೊತ್ತಾಗುವುದಿಲ್ಲ. ಓಪನ್ ಆದರಂತೂ ಎರಡೂ ಔಟ್‌ಪುಟ್ ಒಟ್ಟಿಗೇ ಪೂರ್ತಿ ತೆರೆದುಕೊಂಡು ಕೆಲವೇ ಸೆಕೆಂಡಿನಲ್ಲಿ ಒಂದನ್ನೊಂದು ಸುಡುತ್ತವೆ. ಇಷ್ಟನ್ನೂ ಒಂದೊಂದಾಗಿ ಅಳೆಯದೆ ಹೊಸ ಜೋಡಿ ಹಾಕುವುದು ದುಡ್ಡು ದಂಡ.

ಇನ್ನೊಂದು ಕಾರಣ ಮೈಕಾ, ಅಂದರೆ ಟ್ರಾನ್ಸಿಸ್ಟರ್ ಮತ್ತು ಹೀಟ್‌ಸಿಂಕ್ ನಡುವೆ ಕರೆಂಟ್ ತಡೆಯುವ ತೆಳು ಹಾಳೆ. 5200ರ ಬೆನ್ನಿನ ಲೋಹ ಕಲೆಕ್ಟರ್‌ಗೆ ಸೇರಿದೆ. ಮೈಕಾ ಹರಿದಿದ್ದರೆ ಅಥವಾ ಅದರಡಿ ಒಂದು ಚೂರು ಲೋಹದ ಪುಡಿ ಉಳಿದಿದ್ದರೆ ಸಪ್ಲೈ ನೇರ ಹೀಟ್‌ಸಿಂಕಿಗೆ ಬರುತ್ತದೆ. ಬಿಗಿದ ಮೇಲೆ ನಡುಕಾಲು ಮತ್ತು ಹೀಟ್‌ಸಿಂಕ್ ನಡುವೆ ಬೀಪ್ ಬರಬಾರದು. ಶಾಖ ದಾಟಿಸುವ ಪೇಸ್ಟ್ ಮೈಕಾದ ಎರಡೂ ಮೈಗೆ ತೆಳ್ಳಗೆ, ಕೆಳಗಿನದು ಕಾಣುವಷ್ಟು ತೆಳ್ಳಗೆ ಇರಲಿ. ಮುದ್ದೆ ಹಾಕಿದರೆ ಶಾಖ ದಾಟುವುದಿಲ್ಲ.

ಕರೆಂಟ್ ಕೊಡಲು ಸೀರೀಸ್ ಬಲ್ಬ್ ಇಲ್ಲದೆ ಮುಂದುವರಿಯಬೇಡಿ. ಒಂದು ಹೋಲ್ಡರ್, ಒಂದು ಸಾಕೆಟ್, ಫೇಸ್ ತಂತಿಯ ದಾರಿಯಲ್ಲಿ 60 ವಾಟ್‌ನ ಹಳೇ ಕಾಲದ ತಂತಿ ಬಲ್ಬ್. ಎಲ್‌ಇಡಿ, ಸಿಎಫ್‌ಎಲ್ ಇಲ್ಲಿ ನಡೆಯುವುದಿಲ್ಲ. ಆನ್ ಮಾಡಿದಾಗ ಬಲ್ಬ್ ಒಮ್ಮೆ ಝಗ್ಗನೆ ಹೊತ್ತಿ ಮಂಕಾದರೆ ಸರಿ. ಹೊತ್ತಿಕೊಂಡೇ ನಿಂತರೆ ಶಾರ್ಟ್ ಇನ್ನೂ ಇದೆ ಎಂದರ್ಥ, ಆದರೆ ಏನೂ ಸುಡುವುದಿಲ್ಲ. ಮೊದಲು ಟ್ರಾನ್ಸ್‌ಫಾರ್ಮರ್ ಮಾತ್ರ, ಸೆಕೆಂಡರಿ (ಬೋರ್ಡಿಗೆ ಹೋಗುವ ಸುತ್ತು) ಕಳಚಿ. ಬಲ್ಬ್ ಉರಿಯಬಾರದು. ಆಮೇಲೆ ಬ್ರಿಡ್ಜ್ ಮತ್ತು ದೊಡ್ಡ ಕೆಪಾಸಿಟರ್. ಸೆಕೆಂಡರಿ 30-0-30 ಇದ್ದರೆ ಪ್ಲಸ್ ಕಡೆ 42, ಮೈನಸ್ ಕಡೆ 42 ವೋಲ್ಟ್ ಆಸುಪಾಸು ಬರಬೇಕು. ಎರಡರಲ್ಲಿ ಒಂದು ಕಡಿಮೆ ಇದ್ದರೆ ಆ ಕಡೆಯ ಡಯೋಡ್ ಅಥವಾ ಕೆಪಾಸಿಟರ್. ಅಲ್ಲೇ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಅದೇ ಎರಡು ತುದಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಬಂದರೆ ಕೆಪಾಸಿಟರ್ ಚೆನ್ನಾಗಿದೆ. ಬರೀ ಸುಮ್ಮನೆ ನಿಂತಿರುವಾಗಲೇ ಒಂದು ವೋಲ್ಟ್ ಬಂದರೆ ಒಣಗಿದೆ. ಕೆಲವು ಅಗ್ಗದ ಮೀಟರ್‌ಗಳು ಎಸಿ ಸ್ಥಾನದಲ್ಲಿ ಡಿಸಿಯನ್ನೂ ಸೇರಿಸಿ ಸುಳ್ಳು ಅಂಕಿ ತೋರಿಸುತ್ತವೆ. ಕೆಂಪು ತುದಿಗೆ 0.1 ಮೈಕ್ರೋಫ್ಯಾರಡ್, 100 ವೋಲ್ಟ್ ಕೆಪಾಸಿಟರ್ ಸೇರಿಸಿ ಅಳೆದರೆ ಅನುಮಾನ ಉಳಿಯದು.

ನಿಮ್ಮ ಹಮ್‌ನ ಮೂಲ ಇಲ್ಲೂ ಇರಬಹುದು, ಆದರೆ ನನ್ನ ಮೊದಲ ಅನುಮಾನ ಮುಂದಿನ ಜಾಗದ ಮೇಲೆ: ಸಣ್ಣ ಸಪ್ಲೈ. ಇನ್‌ಪುಟ್ ಕಡೆ ಎಂಟು ಕಾಲಿನ 4558 ಐಸಿಗಳು ಇರುತ್ತವೆ, ಬರೀ ಕೆಳದನಿ ಸೋಸಿ ಮುಂದೆ ಕಳಿಸುವುದು ಅವುಗಳ ಕೆಲಸ. ಅವಕ್ಕೆ ಪ್ಲಸ್ ಮೈನಸ್ 15 ವೋಲ್ಟ್ ಸಾಕು. ಅಗ್ಗದ ದಾರಿ ಎಂದು ತಯಾರಕರು 42 ವೋಲ್ಟ್‌ನಿಂದ ಒಂದು ರೆಸಿಸ್ಟರ್, ಒಂದು ಜೀನರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡಯೋಡ್) ಹಾಕಿ ಇಳಿಸಿರುತ್ತಾರೆ. ರೆಸಿಸ್ಟರ್ 1.5 ಕಿಲೋ ಓಮ್ ಇದ್ದರೆ ಅದರ ಮೇಲೆ 27 ವೋಲ್ಟ್ ಬೀಳುತ್ತದೆ, 18 ಮಿಲಿಆಂಪಿಯರ್ ಹರಿಯುತ್ತದೆ, ಅರ್ಧ ವಾಟ್ ಶಾಖ ಸತತವಾಗಿ. ಸಬ್‌ವೂಫರ್ ಹಾಡದಿದ್ದರೂ, ನೀವು ಮಲಗಿದ್ದರೂ, ಪ್ಲಗ್ ಇರುವಷ್ಟು ಹೊತ್ತೂ. ಅರ್ಧ ವಾಟ್ ರೆಸಿಸ್ಟರನ್ನೇ ಬೋರ್ಡಿಗೆ ಅಂಟಿಸಿ ಕೂರಿಸಿದ್ದರೆ ವರ್ಷಗಳು ಕಳೆದಂತೆ ಅದರ ಅಡಿ ಬೋರ್ಡ್ ಕಂದಾಗುತ್ತದೆ, ಸಾಲ್ಡರ್ ಸಡಿಲವಾಗುತ್ತದೆ, ಪಕ್ಕದ 47 ಅಥವಾ 100 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಣಗುತ್ತದೆ. ಸಣ್ಣ ಕೆಪಾಸಿಟರ್ ಒಣಗಿದರೆ ತಲೆ ಉಬ್ಬುವುದಿಲ್ಲ, ನೋಡಲು ಹೊಸದರಂತೆಯೇ ಇರುತ್ತದೆ. ಹೀಗಾಗಿ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಇದು ಕೆಡುತ್ತಾ ಹೋದಾಗ ಮೊದಲು 15 ವೋಲ್ಟ್ ಜೊತೆ ಗುಂಯ್‌ಗುಟ್ಟುವಿಕೆ ಸೇರುತ್ತದೆ. ಆಮೇಲೆ ಒಂದು ಕಡೆಯ ಸಪ್ಲೈ ಬಿಟ್ಟು ಬಿಟ್ಟು ಬರುತ್ತದೆ, ಐಸಿಯ ಔಟ್‌ಪುಟ್ ಒಮ್ಮೆಲೇ ಒಂದು ಬದಿಗೆ ಹೊಡೆಯುತ್ತದೆ. ಅದೇ ನಿಮ್ಮ ‘ಡಬ್’. ಆ ಏಟು ಪವರ್ ಬೋರ್ಡಿಗೆ ಪೂರ್ತಿ ಸದ್ದಿನ ಸಿಗ್ನಲ್‌ನಂತೆಯೇ ಹೋಗುತ್ತದೆ. ನಿಮ್ಮ ಕತೆಯ ಮೂರೂ ಹಂತಕ್ಕೆ ಇದೊಂದೇ ಉತ್ತರ ಹೊಂದುತ್ತದೆ.

ಪರೀಕ್ಷೆ ಸುಲಭ. 4558ರ 8ನೇ ಕಾಲಿನಲ್ಲಿ ಪ್ಲಸ್ 15, 4ನೇ ಕಾಲಿನಲ್ಲಿ ಮೈನಸ್ 15 ಇರಬೇಕು, ವ್ಯತ್ಯಾಸ ಒಂದು ವೋಲ್ಟ್‌ನೊಳಗೆ (ಕೆಲವು ಬೋರ್ಡಿನಲ್ಲಿ 12 ಇರುತ್ತದೆ, ಜೀನರ್ ನೋಡಿ ತಿಳಿಯಿರಿ). ಸೀರೀಸ್ ಬಲ್ಬಿನಿಂದ ದೊಡ್ಡ ಸಪ್ಲೈ ತುಸು ಇಳಿದರೂ ಇದು ಇಳಿಯಬಾರದು. 1 ಮತ್ತು 7ನೇ ಕಾಲು ಔಟ್‌ಪುಟ್, ಅಲ್ಲಿ ಡಿಸಿ ಸೊನ್ನೆಯ ಹತ್ತಿರ ಇರಬೇಕು. 13 ವೋಲ್ಟ್‌ಗೆ ಅಂಟಿಕೊಂಡಿದ್ದು ಎರಡೂ ಸಪ್ಲೈ ಸರಿ ಇದ್ದರೆ ಐಸಿ ಬದಲಿಸಿ. ರೆಸಿಸ್ಟರ್ ಮತ್ತೆ ಹಾಕುವಾಗ ಅದೇ ಓಮ್, ಆದರೆ 2 ವಾಟ್‌ನದು, ಬೋರ್ಡಿನಿಂದ ಒಂದು ಸೆಂಟಿಮೀಟರ್ ಎತ್ತಿ ನಿಲ್ಲಿಸಿ. ಜೀನರ್ 15 ವೋಲ್ಟ್, 1 ವಾಟ್, 1ಎನ್4744 ಕೇಳಿ. ಕೆಪಾಸಿಟರ್ 105 ಡಿಗ್ರಿಯದೇ ಇರಲಿ. ಈ ರಗಳೆ ಬೇಡವೆಂದು 7815, 7915 ರೆಗ್ಯುಲೇಟರ್ ಹಾಕಲು ಹೊರಟವರಿಗೊಂದು ಮಾತು: 7815ರ ಇನ್‌ಪುಟ್ ಮಿತಿ 35 ವೋಲ್ಟ್. 42 ನೇರ ಕೊಟ್ಟರೆ ಅದೂ ಹೋಗಿ, 4558ಗಳನ್ನೂ ಕರೆದುಕೊಂಡು ಹೋಗುತ್ತದೆ.

ಇದೆಲ್ಲ ಸರಿಯಾದ ಮೇಲೆ ಔಟ್‌ಪುಟ್ ಜೋಡಿ ಹಾಕಿ. ಎರಡನ್ನೂ ಒಟ್ಟಿಗೆ, ಒಂದೇ ಕಡೆಯಿಂದ ತನ್ನಿ. ಮಾರುಕಟ್ಟೆಯಲ್ಲಿ ನಕಲಿ 5200 ಧಾರಾಳ. ಹೊರಗಿನ ಅಕ್ಷರ ಅಸಲಿಯಂತೆ ಇರುತ್ತದೆ, ಒಳಗಿನ ಸಿಲಿಕಾನ್ ಚೂರು ಚಿಕ್ಕದು. ಸಣ್ಣ ಸದ್ದಿಗೆ ಓಡುತ್ತದೆ, ಗಣೇಶನ ಹಬ್ಬದ ದಿನ ಹೋಗುತ್ತದೆ. ಅಸಲಿಯ ಮಿತಿ 230 ವೋಲ್ಟ್, 15 ಆಂಪಿಯರ್. ಜೋಡಿಗೆ ಕೇಳಿದ್ದು ತೀರಾ ಅಗ್ಗವಾದರೆ ಬೇಡ ಅನ್ನಿ. ಮಂಡ್ಯ, ಮೈಸೂರಿನ ಅಂಗಡಿಯಲ್ಲಿ ನಂಬಿಕೆ ಬರದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಒಮ್ಮೆಗೇ ಎರಡು ಜೋಡಿ ತರಿಸಿ.

ಬಯಾಸ್ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಕಂಟ್ರೋಲ್) ಇದ್ದರೆ ಕರೆಂಟ್ ಅತಿ ಕಡಿಮೆ ಬರುವ ಕೊನೆಗೆ ತಿರುಗಿಸಿಟ್ಟು, ಸ್ಪೀಕರ್ ಹಾಕದೆ, ಬಲ್ಬ್ ಮೂಲಕ ಆನ್ ಮಾಡಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 50 ಮಿಲಿವೋಲ್ಟ್‌ನೊಳಗೆ ಇರಲಿ, 100ರವರೆಗೆ ಒಪ್ಪಬಹುದು. ಒಂದು ವೋಲ್ಟ್ ದಾಟಿದರೆ ಸ್ಪೀಕರ್ ಹಾಕುವ ಮಾತೇ ಇಲ್ಲ. ಸ್ಪೀಕರ್‌ಗೆ ಸಂಪರ್ಕ ಕೊಡುವ ರಿಲೇ ಇದ್ದರೆ ಅದರ ಮುಂಚಿನ ಕಾಲಿನಲ್ಲಿ ಅಳೆಯಿರಿ. ಡಿಸಿ ಇದ್ದಾಗ ರಿಲೇ ‘ಟಕ್’ ಅನ್ನದೇ ನಿಲ್ಲುವುದು ಅದರ ಕೆಲಸ, ರಿಲೇಯ ದೋಷವಲ್ಲ. ಅದಕ್ಕೆ ಅಡ್ಡ ತಂತಿ ಹಾಕುವವರಿದ್ದಾರೆ, ಅಂಥವರಿಗೆ ಸ್ಪೀಕರ್ ಕೊಡಬೇಡಿ. ಈ ಡಿಸಿ (ಆಫ್‌ಸೆಟ್) ಸರಿ ಬಂದರೆ ಬಲ್ಬ್ ತೆಗೆದು, ಒಂದು ಎಮಿಟರ್ ರೆಸಿಸ್ಟರ್ ಅಡ್ಡ ಮೀಟರ್ ಇಟ್ಟು 5ರಿಂದ 10 ಮಿಲಿವೋಲ್ಟ್ ಬರುವಂತೆ ಪ್ರಿಸೆಟ್ ನಿಧಾನಕ್ಕೆ ತಿರುಗಿಸಿ. 0.22 ಓಮ್‌ಗೆ ಅದು 23ರಿಂದ 45 ಮಿಲಿಆಂಪಿಯರ್, ಸಬ್‌ವೂಫರ್‌ಗೆ ಸಾಕು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಅಂಕಿ ಏರುತ್ತಲೇ ಹೋದರೆ ತಕ್ಷಣ ಆಫ್ ಮಾಡಿ, ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕಿಗೆ ತಾಗುತ್ತಿಲ್ಲ.

ಸದ್ದಿನ ಪರೀಕ್ಷೆಗೆ ಮೊಬೈಲ್‌ನಿಂದ 50 ಹರ್ಟ್ಜ್ ಟೋನ್ ಕೊಡಿ. 1000 ಹರ್ಟ್ಜ್ ಕೊಟ್ಟು ‘ಏನೂ ಬರುತ್ತಿಲ್ಲ’ ಎಂದು ಮತ್ತೆ ಬಿಚ್ಚಬೇಡಿ, ಅದನ್ನು ತಡೆಯುವುದಕ್ಕೇ 4558ಗಳಿರುವುದು. ಮೊದಲು ಯಾವುದಾದರೂ ಹಳೇ ಸ್ಪೀಕರ್ ಹಾಕಿ ಸಣ್ಣ ಸದ್ದಿನಲ್ಲಿ, ಆಮೇಲೆ ಸ್ವಂತದ್ದು. ಔಟ್‌ಪುಟ್‌ನಲ್ಲಿ ಎಸಿ 10 ವೋಲ್ಟ್ ಬಂದರೆ 4 ಓಮ್‌ಗೆ 25 ವಾಟ್. ಮನೆಗೆ ಅದೇ ದೊಡ್ಡ ಸದ್ದು.

ಇಷ್ಟರ ಮೇಲೂ ಹಮ್ ಉಳಿದರೆ ಕೇಬಲ್ ಕಿತ್ತು ನೋಡಿ. ಕಿತ್ತಾಗ ನಿಂತರೆ ದೋಷ ಬೋರ್ಡಿನದಲ್ಲ, ಕೇಬಲ್‌ನ ಹೊರಜಾಲರಿ ಬಿಟ್ಟಿದೆ ಅಥವಾ ಡಿಷ್‌ನ ತಂತಿಯಿಂದ ಸೆಟ್‌ಟಾಪ್ ಬಾಕ್ಸ್ ಮೂಲಕ ಅರ್ತ್ ಸುತ್ತಿಬರುತ್ತಿದೆ. ಸೆಟ್‌ಟಾಪ್ ಬಾಕ್ಸ್, ಸಬ್‌ವೂಫರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಬಹಳಷ್ಟು ಸಲ ಹೋಗುತ್ತದೆ. ಅರ್ತ್ ಪಿನ್ ಕತ್ತರಿಸುವುದು ಮಾತ್ರ ಬೇಡವೇ ಬೇಡ. ಇನ್ನು ತಾನಾಗಿ ಆಫ್ ಆಗುವ ವಿಚಾರ: ಹಿಂದೆ ‘ಆಟೋ’ ಸ್ವಿಚ್ ಇದ್ದರೆ, ಬರುವ ಸಿಗ್ನಲ್ ತೀರಾ ಸಣ್ಣದಾದಾಗ ಅದು ಮಲಗುವುದು ಸಹಜ. ಟಿವಿ ಅಥವಾ ರಿಸೀವರ್ ಕಡೆ ಸಬ್‌ವೂಫರ್ ಮಟ್ಟ ಏರಿಸಿ, ಇಲ್ಲಿಯ ವಾಲ್ಯೂಮ್ ಇಳಿಸಿ. ‘ಆನ್’ನಲ್ಲೂ ಹಾಗೇ ಆದರೆ ಮತ್ತೆ ಆ 15 ವೋಲ್ಟನ್ನೇ ನೋಡಬೇಕು.

ಹೀಟ್‌ಸಿಂಕ್ ಮೇಲೆ ಟ್ರಾನ್ಸಿಸ್ಟರ್ ಜೋಡಿಯ ಬದಲು 15 ಕಾಲಿನ ಟಿಡಿಎ 7294 ಆಂಪ್ಲಿಫೈಯರ್ ಐಸಿ ಇರುವವರಿಗೆ: ಅದು ಸುಮ್ಮನಿದ್ದರೆ ಸತ್ತಿದೆ ಅಂದುಕೊಳ್ಳುವ ಮೊದಲು 9 ಮತ್ತು 10ನೇ ಕಾಲು ಅಳೆಯಿರಿ. ಸ್ಟ್ಯಾಂಡ್‌ಬೈ, ಮ್ಯೂಟ್ ಅವೇ, ಎರಡರಲ್ಲೂ 3.5 ವೋಲ್ಟ್‌ಗಿಂತ ಹೆಚ್ಚು ಬರದಿದ್ದರೆ ಐಸಿ ಚೆನ್ನಾಗಿದ್ದೂ ಹಾಡುವುದಿಲ್ಲ. ಅದರ ಬೆನ್ನು ಮೈನಸ್ ಸಪ್ಲೈಗೆ ಸೇರಿದೆ ಎಂಬುದು ನೆನಪಿರಲಿ. ಎಸ್‌ಎಂಪಿಎಸ್ ಇರುವ ಪ್ಲೇಟ್‌ಗಳಲ್ಲಿ ‘ಟಿಕ್ ಟಿಕ್’ ಅನ್ನುತ್ತ ದೀಪ ಮಿಣುಕಿದರೆ ಸೆಕೆಂಡರಿಯಲ್ಲಿ ಶಾರ್ಟ್, ಇಲ್ಲವೇ ಕಂಟ್ರೋಲ್ ಐಸಿಗೆ ಸಪ್ಲೈ ಕೊಡುವ ಸಣ್ಣ ಕೆಪಾಸಿಟರ್ ಒಣಗಿದೆ. ಡಿ ಕ್ಲಾಸ್ (ಸ್ವಿಚಿಂಗ್ ಬಗೆಯ ಆಂಪ್ಲಿಫೈಯರ್) ಬೋರ್ಡಿನ ಮಾಸ್ಫೆಟ್ ಎಂಬ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದರೆ ಗೇಟ್ ಡ್ರೈವರ್ ಐಸಿಯೂ ಸಾಮಾನ್ಯವಾಗಿ ಜೊತೆಗೆ ಹೋಗುತ್ತದೆ. ಅಲ್ಲಿ ಮಾಡ್ಯೂಲ್ ಬದಲಿಸುವುದೇ ಲೇಸು. ಆದರೆ ರೆಡಿಮೇಡ್ ಟಿಪಿಎ 3116 ಆಂಪ್ಲಿಫೈಯರ್ ಬೋರ್ಡಿಗೆ 26 ವೋಲ್ಟ್ ಮೇಲೆ ಕೊಡುವಂತಿಲ್ಲ, ಹಳೆಯ ಟ್ರಾನ್ಸ್‌ಫಾರ್ಮರ್‌ನ 42 ಅದಕ್ಕೆ ಆಗದು.

ಕರೆಂಟ್ ಹೋಗಿ ಬಂದಾಗ ಕೆಟ್ಟಿತು ಅಂದಿರಿ. ಅದು ಕೊನೆಯ ಏಟು ಇರಬಹುದು, ಆದರೂ ಲೈನ್ ಕಡೆ ಒಂದು ಕಣ್ಣಿಡಿ. ಕಂಬದಲ್ಲಿ ನ್ಯೂಟ್ರಲ್ ಸಡಿಲವಾದರೆ ಮನೆಯ 230 ವೋಲ್ಟ್ 400ರ ಕಡೆಗೆ ಏರಬಲ್ಲದು. ಬಲ್ಬುಗಳು ಒಂದು ಕೋಣೆಯಲ್ಲಿ ಮಂಕಾಗಿ ಇನ್ನೊಂದರಲ್ಲಿ ವಿಪರೀತ ಹೊಳೆದರೆ ಮೇನ್ ಇಳಿಸಿ ಸೆಸ್ಕ್‌ಗೆ (ವಿದ್ಯುತ್ ಕಂಪನಿಗೆ) ಫೋನ್ ಮಾಡಿ. ಫ್ಯೂಸಿನ ನಂತರ ಫೇಸ್–ನ್ಯೂಟ್ರಲ್ ನಡುವೆ 14ಡಿ471 ಎಂಬ ವೇರಿಸ್ಟರ್ ಹಾಕಿದರೆ ಇಂಥ ಏರಿಕೆಯಲ್ಲಿ ಅದು ಶಾರ್ಟ್ ಆಗಿ ಫ್ಯೂಸ್ ತೆಗೆಯುತ್ತದೆ, ಅದೂ ಸರಿಯಾದ ಅಳತೆಯ ಫ್ಯೂಸ್ ಇದ್ದರೆ. ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ಕೀಳುವುದಕ್ಕೆ ಸಮನಾದದ್ದು ಯಾವುದೂ ಇಲ್ಲ. ಹೊರದೇಶದಿಂದ ತಂದ ಸೆಟ್ ಆಗಿದ್ದರೆ ಹಿಂದಿನ 115/230 ಸ್ವಿಚ್ 230ರಲ್ಲೇ ಇದೆಯೇ ಎಂದೂ ನೋಡಿ.

ಪ್ಲೇಟ್ ಮುಚ್ಚುವಾಗ ಸುತ್ತಲಿನ ಸ್ಪಂಜ್ ಪಟ್ಟಿ ಹರಿದಿದ್ದರೆ ಹೊಸದು ಅಂಟಿಸಿ. ಗಾಳಿ ಸೋರಿದರೆ ಕೆಳದನಿಯ ಜೊತೆ ‘ಸುಸ್’ ಎಂಬ ಸದ್ದು ಬಂದು ರಿಪೇರಿಯೇ ಸರಿಯಾಗಿಲ್ಲ ಅನ್ನಿಸುತ್ತದೆ. ಒಳಗಿನ ತಂತಿಗಳನ್ನು ಟೈ ಹಾಕಿ ಬಿಗಿಯಿರಿ, ಕೋನ್‌ಗೆ ತಾಗಬಾರದು. ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಪೋರ್ಟ್ ತೂತಿಗೆ ಒಳಗಿನಿಂದ ನೈಲಾನ್ ಸೊಳ್ಳೆ ಜಾಲರಿ ಅಂಟಿಸಿಬಿಡಿ.